ನೇರ ಪಶ್ಚಿಮಕ್ಕೆ ನಿಂತು ಮಾಡಿದ ನಮಾಝ್ ಸಿಂಧುವೇ? ಕಿಬ್ಲಾದ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ದಕ್ಷಿಣ ಕನ್ನಡದವರು, ಶಾಫಿಈ ಮದ್‌ಹಬ್ (ಇಸ್ಲಾಮೀ ಕರ್ಮಶಾಸ್ತ್ರದ ಪಂಥ) ಅನುಸರಿಸುವವರು. ಉದ್ಯೋಗದ ನಿಮಿತ್ತ ಹಲವು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇವೆ. ಸೂರ್ಯ ಮುಳುಗುವ ದಿಕ್ಕೇ ಕಿಬ್ಲಾ (ನಮಾಝಿನಲ್ಲಿ ಮುಖ ಮಾಡಬೇಕಾದ, ಮಕ್ಕಾದ ಕಅಬಾ ಇರುವ ದಿಕ್ಕು) ಎಂದು ತಿಳಿದು ಮನೆಯಲ್ಲಿ ಪಶ್ಚಿಮದ ಗೋಡೆಗೆ ನೇರವಾಗಿ ಮುಸಲ್ಲಾ ಹಾಸಿ ನಮಾಝ್ ಮಾಡುತ್ತಿದ್ದೆವು. ಈಗ ಮೊಬೈಲ್ ಆ್ಯಪ್ ನೋಡಿದರೆ ಕಿಬ್ಲಾ ಪಶ್ಚಿಮದಿಂದ ಸುಮಾರು 18 ಡಿಗ್ರಿ ಬಲಕ್ಕಿದೆ. ನಾವು ಹೋಗುವ ಹನಫಿ ಮಸೀದಿಯ ಸಫ್‌ಗಳು (ನಮಾಝಿನ ಸಾಲುಗಳು) ಕೂಡ ನೇರ ಪಶ್ಚಿಮಕ್ಕೇ ಇವೆ. ಇಷ್ಟು ವರ್ಷಗಳ ನಮಾಝನ್ನು ಮತ್ತೆ ನಿರ್ವಹಿಸಬೇಕೇ? ಮಸೀದಿಯಲ್ಲಿ ಇನ್ನು ಮುಂದೆ ಹೇಗೆ ನಿಲ್ಲಬೇಕು? ಊರಿಗೆ ಹೋಗುವ ರೈಲಿನಲ್ಲಿ ಸುಬಹಿ (ಮುಂಜಾನೆಯ) ನಮಾಝಿಗೆ ಯಾವ ಕಡೆ ತಿರುಗಬೇಕು?

ಉತ್ತರ: ಮೊದಲ ಪ್ರಶ್ನೆಗೆ ನೇರವಾದ ಉತ್ತರವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಈ ಆತಂಕವನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದುದನ್ನು ಓದುವುದು ಕಷ್ಟ. ನೀವು ಹಿಂದೆ ಮಾಡಿದ ನಮಾಝ್‌ಗಳನ್ನು ಮತ್ತೆ ನಿರ್ವಹಿಸಬೇಕಾಗಿಲ್ಲ. ಹನಫಿ ಮದ್‌ಹಬಿನಲ್ಲಿ ಇದು ಚರ್ಚೆಯೇ ಇಲ್ಲದ ವಿಷಯ. ಶಾಫಿಈ ಮದ್‌ಹಬಿನಲ್ಲಿ ಸ್ವಲ್ಪ ವಿವರಣೆ ಬೇಕಾಗುತ್ತದೆ, ಆದರೆ ತೀರ್ಮಾನ ಅದೇ. ಇನ್ನು ಮುಂದಿನ ನಮಾಝ್‌ಗಳಿಗೆ ಮಾತ್ರ, ತಿಳಿವಳಿಕೆ ಬಂದ ಮೇಲೆ ಅದನ್ನು ಬದಿಗಿಟ್ಟು ಹಳೆಯ ಗೋಡೆಗೇ ಅಂಟಿಕೊಳ್ಳುವಂತಿಲ್ಲ.

ಕಿಬ್ಲಾಕ್ಕೆ ಅಭಿಮುಖವಾಗುವುದು ನಮಾಝ್ ಸಿಂಧುವಾಗಲು ಬೇಕಾದ ಷರತ್ತುಗಳಲ್ಲಿ ಒಂದು ಎಂಬುದರಲ್ಲಿ ಯಾವ ಮದ್‌ಹಬಿಗೂ ಭಿನ್ನಾಭಿಪ್ರಾಯವಿಲ್ಲ. ಪ್ರವಾದಿ ಮುಹಮ್ಮದ್ (ಸ) ಅವರು ಮದೀನಾಕ್ಕೆ ಬಂದ ಬಳಿಕ 16 ಅಥವಾ 17 ತಿಂಗಳ ಕಾಲ ಜೆರುಸಲೇಮಿನ ಬೈತುಲ್ ಮುಖದ್ದಸ್‌ನ ಕಡೆಗೆ ತಿರುಗಿ ನಮಾಝ್ ನಿರ್ವಹಿಸಿದರೆಂದು ಬರಾಅ್ ಬಿನ್ ಆಝಿಬ್ (ರ) ವರದಿ ಮಾಡಿದ್ದಾರೆ. ಹಿಜರಿ 2ನೇ ವರ್ಷದಲ್ಲಿ, ಅಂದರೆ ಕ್ರಿ.ಶ. 624ರಲ್ಲಿ, ಸೂರಃ ಅಲ್‌ಬಖರಾದ 144ನೇ ಸೂಕ್ತ ಅವತೀರ್ಣವಾಗಿ, ಎಲ್ಲಿದ್ದರೂ ಮುಖವನ್ನು ಮಸ್ಜಿದುಲ್ ಹರಾಮ್‌ನ ಕಡೆಗೆ ತಿರುಗಿಸಬೇಕೆಂಬ ಆಜ್ಞೆ ಬಂತು. ಈ ಸುದ್ದಿ ಮದೀನಾದ ಹೊರವಲಯದ ಕುಬಾದ ಜನರಿಗೆ ತಲುಪಿದ್ದು ಅವರು ಸುಬಹಿ ನಮಾಝಿನಲ್ಲಿದ್ದಾಗ. ಶಾಮ್‌ನ ಕಡೆಗೆ, ಅಂದರೆ ಸಿರಿಯಾ ಪ್ರದೇಶವಿರುವ ಉತ್ತರಕ್ಕೆ ಮುಖ ಮಾಡಿದ್ದ ಅವರು ನಮಾಝ್ ಮುರಿಯದೆ ನಿಂತಲ್ಲೇ ದಕ್ಷಿಣದ ಕಅಬಾದ ಕಡೆಗೆ ತಿರುಗಿದರು. ಆಜ್ಞೆ ಬದಲಾದ ನಂತರವೂ ಅವರು ಹಳೆಯ ದಿಕ್ಕಿಗೆ ಮಾಡಿದ ಭಾಗವನ್ನು ಯಾರೂ ಅಸಿಂಧು ಎನ್ನಲಿಲ್ಲ, ಪುನಃ ಮಾಡಿರೆಂದು ಹೇಳಲೂ ಇಲ್ಲ. ನಿಮ್ಮ ಪ್ರಶ್ನೆಗೆ ಸಂಬಂಧಿಸಿ ಈ ಘಟನೆಯಲ್ಲಿ ದೊಡ್ಡ ಆಧಾರವಿದೆ: ಅರಿವು ತಲುಪುವ ಮೊದಲು, ಲಭ್ಯವಿದ್ದ ತಿಳಿವಳಿಕೆಯಂತೆ ಮಾಡಿದ್ದು ಉಳಿಯುತ್ತದೆ, ಅರಿವು ತಲುಪಿದ ಕ್ಷಣದಿಂದ ತಿರುಗುವುದು ಕಡ್ಡಾಯವಾಗುತ್ತದೆ.

ಕಅಬಾವನ್ನು ಕಣ್ಣಾರೆ ಕಾಣುವವರು ಆ ಕಟ್ಟಡಕ್ಕೇ ನಿಖರವಾಗಿ ಅಭಿಮುಖವಾಗಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಅದರಿಂದಾಗಿಯೇ ಮಸ್ಜಿದುಲ್ ಹರಾಮ್‌ನಲ್ಲಿ ಸಫ್‌ಗಳು ವೃತ್ತಾಕಾರವಾಗಿರುತ್ತವೆ. ದೂರದಲ್ಲಿರುವವರ ವಿಷಯದಲ್ಲಿ ಭಿನ್ನತೆ ಆರಂಭವಾಗುತ್ತದೆ. ಹನಫಿ, ಮಾಲಿಕಿ ಮತ್ತು ಹಂಬಲಿ ಮದ್‌ಹಬ್‌ಗಳ ಪ್ರಕಾರ ದೂರದವರಿಗೆ ಕಅಬಾ ಇರುವ ದಿಕ್ಕು ಸಾಕು. "ಪೂರ್ವ ಮತ್ತು ಪಶ್ಚಿಮಗಳ ನಡುವೆ ಇರುವುದು ಕಿಬ್ಲಾ" ಎಂಬ, ಅಬೂ ಹುರೈರಾ (ರ) ಅವರಿಂದ ತಿರ್ಮಿದಿ ವರದಿ ಮಾಡಿದ ಹದೀಸ್ ಅವರ ಮುಖ್ಯ ಆಧಾರ. ಮದೀನಾದಿಂದ ಮಕ್ಕಾ ದಕ್ಷಿಣಕ್ಕಿರುವುದರಿಂದ ಈ ಮಾತು ಮದೀನಾದವರಿಗೆ ಮತ್ತು ಅದೇ ಸ್ಥಿತಿಯಲ್ಲಿರುವವರಿಗೆ ಅನ್ವಯಿಸುತ್ತದೆ. ನಮಗೆ ಅದನ್ನು ಉತ್ತರ ಮತ್ತು ದಕ್ಷಿಣಗಳ ನಡುವಿನ ಪಶ್ಚಿಮ ಭಾಗ ಎಂದು ಅರ್ಥ ಮಾಡಿಕೊಳ್ಳಬೇಕು. ಹನಫಿ ಫುಖಹಾಗಳು (ಕರ್ಮಶಾಸ್ತ್ರ ಪಂಡಿತರು) ಈ ವಿಶಾಲತೆಗೆ ಒಂದು ಮಿತಿಯನ್ನೂ ಹಾಕಿದ್ದಾರೆ: ಕಅಬಾದ ನಿಖರ ರೇಖೆಯಿಂದ ಎಡಕ್ಕೋ ಬಲಕ್ಕೋ 45 ಡಿಗ್ರಿಯೊಳಗಿನ ವ್ಯತ್ಯಾಸ ನಮಾಝನ್ನು ಕೆಡಿಸುವುದಿಲ್ಲ, ಅದನ್ನು ಮೀರಿದರೆ ಕೆಡಿಸುತ್ತದೆ. ನಿಮ್ಮ ಮಸೀದಿಯ ವ್ಯತ್ಯಾಸ ಈ ಮಿತಿಯ ಅರ್ಧಕ್ಕೂ ಬರುವುದಿಲ್ಲ.

ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯದಂತೆ ದೂರದಲ್ಲಿರುವವನೂ ಕಅಬಾದ ಕಟ್ಟಡವನ್ನೇ ಗುರಿಯಾಗಿಸಿಕೊಳ್ಳಬೇಕು. ಪ್ರವಾದಿಯವರು (ಸ) ಕಅಬಾದ ಎದುರು ಎರಡು ರಕಅತ್ ನಮಾಝ್ ನಿರ್ವಹಿಸಿ "ಇದುವೇ ಕಿಬ್ಲಾ" ಎಂದು ಹೇಳಿದ್ದು ಇದಕ್ಕೆ ಆಧಾರ. ಇದನ್ನು ಓದಿದವರಿಗೆ, ನಿಮ್ಮಂತೆ, 18 ಡಿಗ್ರಿ ಎಂದ ಕೂಡಲೇ ಎದೆ ಝಲ್ಲೆನ್ನುವುದು ಸಹಜ. ಆದರೆ ಇಲ್ಲಿ ಮರೆಯಬಾರದ ಮಾತೊಂದಿದೆ. ಸಮೀಪದವನು ಖಚಿತ ಅರಿವಿನಿಂದ ಗುರಿಯಿಡಬೇಕು. ದೂರದವನಿಂದ ಶಾಫಿಈ ಇಮಾಮರು ಕೇಳುವುದು ಪ್ರಬಲ ಊಹೆಯನ್ನು ಮಾತ್ರ. ಸ್ವಲ್ಪ ಲೆಕ್ಕ ಹಾಕಿದರೆ ಇದರ ಔಚಿತ್ಯ ತಿಳಿಯುತ್ತದೆ. ಮಂಗಳೂರಿನಿಂದ ಮಕ್ಕಾಕ್ಕೆ ನೇರ ದೂರ ಸುಮಾರು 3,800 ಕಿ.ಮೀ. ಇಲ್ಲಿ ಮುಸಲ್ಲಾ ಒಂದೇ ಒಂದು ಡಿಗ್ರಿ ಸರಿದರೆ ಅಲ್ಲಿ ಆ ರೇಖೆ ಅರುವತ್ತು ಕಿ.ಮೀ.ಗಿಂತ ಹೆಚ್ಚು ಸರಿಯುತ್ತದೆ. ಕಅಬಾದ ಒಂದೊಂದು ಬದಿ ಇರುವುದು 11ರಿಂದ 13 ಮೀಟರ್ ಅಷ್ಟೇ. ಎಷ್ಟೇ ಒಳ್ಳೆಯ ದಿಕ್ಸೂಚಿ ಹಿಡಿದರೂ, ಎಷ್ಟೇ ಜಾಗರೂಕತೆಯಿಂದ ನಿಂತರೂ ನಮ್ಮ ಎದೆಯ ರೇಖೆ ಆ ಹನ್ನೆರಡು ಮೀಟರ್‌ಗೆ ತಗಲಿತೆಂದು ಆಣೆ ಮಾಡಿ ಹೇಳುವವರು ಕರ್ನಾಟಕದಲ್ಲಿ ಯಾರೂ ಇರಲಾರರು. ಹಾಗಾಗಿ ಶಾಫಿಈ ಮತ್ತು ಇತರರ ನಡುವಿನ ಅಂತರ ಪುಸ್ತಕದಲ್ಲಿ ಕಾಣುವಷ್ಟು ಆಚರಣೆಯಲ್ಲಿ ಇಲ್ಲ. ಇಮಾಮ್ ಗಝಾಲಿಯವರು ಸ್ವತಃ ಶಾಫಿಈಯಾಗಿದ್ದೂ ದೂರದವರಿಗೆ ದಿಕ್ಕು ಸಾಕೆಂಬ ಪಕ್ಷವನ್ನು ಎತ್ತಿ ಹಿಡಿದಿದ್ದಾರೆ.

ಈಗ ನಿಮ್ಮ ಹಳೆಯ ನಮಾಝ್‌ಗಳ ವಿಷಯ. ಶಾಫಿಈ ಮದ್‌ಹಬಿನಲ್ಲಿ, ಕಿಬ್ಲಾ ತಪ್ಪಿತ್ತು ಎಂಬುದು ನಮಾಝಿನ ಬಳಿಕ ಖಚಿತವಾದರೆ ಅದನ್ನು ಮತ್ತೆ ನಿರ್ವಹಿಸಬೇಕು ಎಂಬ ನಿಯಮವಿರುವುದು ನಿಜ, ಮತ್ತು ನಿಮ್ಮನ್ನು ಹೆದರಿಸಿದ್ದು ಬಹುಶಃ ಇದೇ ನಿಯಮ. ಇದು ದಿಕ್ಕೇ ತಪ್ಪಿದವನಿಗೆ, ಅಂದರೆ ಪಶ್ಚಿಮಕ್ಕೆ ನಿಲ್ಲಬೇಕಾದವನು ಪೂರ್ವಕ್ಕೋ ದಕ್ಷಿಣಕ್ಕೋ ನಿಂತಿದ್ದನೆಂದು ಗೊತ್ತಾದಾಗ, ಸ್ಪಷ್ಟವಾಗಿ ಅನ್ವಯಿಸುತ್ತದೆ. ದಿಕ್ಕು ಸರಿಯಾಗಿದ್ದು, ಅದರೊಳಗೆ ಬಲಕ್ಕೋ ಎಡಕ್ಕೋ ಸರಿದಿದ್ದರೆ ಅದನ್ನು ಫುಖಹಾಗಳು ಪ್ರತ್ಯೇಕವಾಗಿ ಪರಿಗಣಿಸಿದ್ದಾರೆ. ಅಂಥ ವ್ಯತ್ಯಾಸವು ನಮಾಝಿನ ಬಳಿಕ ಊಹೆಯಿಂದ ತಿಳಿದುಬಂದರೆ ಹಳೆಯ ನಮಾಝಿಗೆ ಬಾಧೆಯಿಲ್ಲ. ನಮಾಝಿನ ಮಧ್ಯೆ ತಿಳಿದರೆ ಅಲ್ಲೇ ತಿರುಗಿ ಮುಂದುವರಿಸಬೇಕು. ಖಚಿತವಾಗಿ ತಿಳಿದರೆ? ಮಕ್ಕಾದಿಂದ ದೂರವಿರುವ ಊರುಗಳಲ್ಲಿ ಬಲ-ಎಡದ ಓಲಿನ ಬಗ್ಗೆ ಖಚಿತತೆ ಎಂಬುದು ಸಾಧ್ಯವೇ ಇಲ್ಲ, ಅಲ್ಲಿ ಇರುವುದು ಊಹೆ ಮಾತ್ರ ಎಂದು ಇಮಾಮ್ ಬಗವಿ ಹೇಳಿದ್ದನ್ನು ಇಮಾಮ್ ನವವಿ ಉದ್ಧರಿಸಿದ್ದಾರೆ.

ಉಪಗ್ರಹ ಮತ್ತು ಗಣಕಯಂತ್ರಗಳ ಕಾಲದಲ್ಲಿ ಆ ಮಾತು ನಿಲ್ಲುವುದೇ ಎಂದು ನೀವು ಕೇಳಬಹುದು. ಬೆಂಗಳೂರಿನ ಕಿಬ್ಲಾದ ಕೋನವನ್ನು ಇಂದು ಡಿಗ್ರಿಯ ದಶಾಂಶದವರೆಗೂ ಲೆಕ್ಕ ಹಾಕಬಹುದು, ಅದರಲ್ಲಿ ಸಂಶಯವಿಲ್ಲ. ಆದರೆ ಕೋನದ ಲೆಕ್ಕ ಖಚಿತವಾಗಿರುವುದು ಬೇರೆ, ಇಂಥ ದಿನ ಇಂಥ ಕೋಣೆಯಲ್ಲಿ ನಾನು ಹಾಸಿದ ಮುಸಲ್ಲಾ ಎಷ್ಟು ಓರೆಯಾಗಿತ್ತು ಎಂಬುದು ಖಚಿತವಾಗಿರುವುದು ಬೇರೆ. ನಿಮ್ಮ ಗೋಡೆ ನೇರ ಪಶ್ಚಿಮಕ್ಕೆ ಇದೆ ಎಂಬುದನ್ನು ಕೂಡ ನೀವು ಅಳೆದಿರಲಾರಿರಿ. ಬೆಂಗಳೂರಿನ ನಿವೇಶನಗಳು ರಸ್ತೆಗೆ ತಕ್ಕಂತೆ ತಿರುಗಿರುತ್ತವೆ. ಮೊಬೈಲ್‌ನ ದಿಕ್ಸೂಚಿಯ ಮಾತಂತೂ ಇನ್ನೂ ಬೇರೆ: ಕಾಂಕ್ರೀಟಿನೊಳಗಿನ ಕಬ್ಬಿಣ, ಲಿಫ್ಟ್, ಫ್ರಿಜ್, ಮೊಬೈಲ್ ಕವರಿನ ಅಯಸ್ಕಾಂತ ಇವೆಲ್ಲ ಅದರ ಮುಳ್ಳನ್ನು ಎಳೆಯುತ್ತವೆ. ಒಂದೇ ಮನೆಯ ಎರಡು ಕೋಣೆಗಳಲ್ಲಿ ಅದು ಎರಡು ಕಿಬ್ಲಾ ತೋರಿಸಿದರೂ ಆಶ್ಚರ್ಯಪಡಬೇಕಿಲ್ಲ.

ಆದ್ದರಿಂದ ನಿಮ್ಮನ್ನು ನಾನು ಕೇಳುವ ಮುಖ್ಯ ಪ್ರಶ್ನೆ ಡಿಗ್ರಿಯದ್ದಲ್ಲ. ಮುಸಲ್ಲಾ ಹಾಸುವ ಮೊದಲು ನೀವು ವಿಚಾರಿಸಿದ್ದಿರೇ? ಸೂರ್ಯನನ್ನು ನೋಡಿದ್ದಿರಿ, ಊರಿನ ಮಸೀದಿಯನ್ನು ಅನುಸರಿಸಿದ್ದಿರಿ. ಮುಸ್ಲಿಮರು ತಲೆಮಾರುಗಳಿಂದ ನಮಾಝ್ ಮಾಡುತ್ತಿರುವ ಮಿಹ್ರಾಬನ್ನು (ಮಸೀದಿಯಲ್ಲಿ ಕಿಬ್ಲಾ ತೋರಿಸುವ ಗೂಡನ್ನು) ನಂಬುವುದು ಎಲ್ಲ ಮದ್‌ಹಬ್‌ಗಳಲ್ಲೂ ಅಂಗೀಕೃತ ಆಧಾರ. ಅಷ್ಟು ಸಾಕಾಗಿತ್ತು. ಇದಕ್ಕೆ ತದ್ವಿರುದ್ಧವಾದುದನ್ನು ಮದುವೆ ಮನೆಗಳಲ್ಲಿ, ಲಾಡ್ಜ್‌ಗಳಲ್ಲಿ ಆಗಾಗ ಕಾಣುತ್ತೇವೆ: ಬಂದವರು ಯಾರನ್ನೂ ಕೇಳುವುದಿಲ್ಲ, ಆಕಾಶ ನೋಡುವುದಿಲ್ಲ, ಖಾಲಿ ಜಾಗವಿರುವ ಕಡೆಗೆ ಮುಖ ಮಾಡಿ ತಕ್ಬೀರ್ ಹೇಳಿ ನಮಾಝ್ ಆರಂಭಿಸಿಬಿಡುತ್ತಾರೆ. ಶಾಫಿಈ ಮದ್‌ಹಬಿನಲ್ಲಿ ಹೀಗೆ ಮಾಡಿದ ನಮಾಝ್, ಅದೃಷ್ಟವಶಾತ್ ದಿಕ್ಕು ಸರಿಯಾಗಿದ್ದರೂ, ಸಿಂಧುವಾಗುವುದಿಲ್ಲ. ಹನಫಿಗಳಲ್ಲಿ ಮುಗಿದ ಬಳಿಕ ದಿಕ್ಕು ಸರಿಯಿತ್ತೆಂದು ಗೊತ್ತಾದರೆ ಸಿಂಧು, ತಪ್ಪಿತ್ತೆಂದಾದರೆ ಮತ್ತೆ ಮಾಡಬೇಕು. ಆದರೆ ಕೇಳಲು ಯಾರೂ ಇಲ್ಲದ ಜಾಗದಲ್ಲಿ ಲಕ್ಷಣಗಳನ್ನು ನೋಡಿ, ಯೋಚಿಸಿ, ಮನಸ್ಸು ವಾಲಿದ ಕಡೆಗೆ ನಮಾಝ್ ಮಾಡಿದವನ ದಿಕ್ಕು ಪೂರ್ತಿ ತಪ್ಪಿದ್ದರೂ ಹನಫಿಗಳು ಪುನಃ ಮಾಡಲು ಹೇಳುವುದಿಲ್ಲ. ಪ್ರಯಾಣದಲ್ಲಿ ಕತ್ತಲ ರಾತ್ರಿ ಸಹಾಬಿಗಳು (ಪ್ರವಾದಿಯವರ ಸಂಗಾತಿಗಳು) ತಮಗೆ ತೋಚಿದ ಒಂದೊಂದು ದಿಕ್ಕಿಗೆ ನಮಾಝ್ ಮಾಡಿದ ಆಮಿರ್ ಬಿನ್ ರಬೀಅ (ರ) ಅವರ ವರದಿಯನ್ನು ಇದಕ್ಕೆ ಉಲ್ಲೇಖಿಸಲಾಗುತ್ತದೆ. ಅದರ ಸನದು (ವರದಿಗಾರರ ಸರಪಳಿ) ಬಲವಾದುದಲ್ಲವೆಂದು ಅದನ್ನು ವರದಿ ಮಾಡಿದ ತಿರ್ಮಿದಿಯವರೇ ಹೇಳಿದ್ದಾರೆಂಬುದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ.

ನಮ್ಮ ರಾಜ್ಯದಲ್ಲಿ ಕಿಬ್ಲಾ ನಿಜವಾಗಿ ಎಲ್ಲಿದೆ ಎಂಬುದನ್ನು ನೋಡೋಣ. ಮಕ್ಕಾ ಇರುವುದು ಸುಮಾರು 21.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು ಮತ್ತು ಮಂಗಳೂರು ಸುಮಾರು 13 ಡಿಗ್ರಿಯಲ್ಲಿ. ಹೀಗಾಗಿ ಕಿಬ್ಲಾ ನಮಗೆ ಪಶ್ಚಿಮದಿಂದ ಉತ್ತರದ ಕಡೆಗೆ ವಾಲುತ್ತದೆ: ಬೆಂಗಳೂರಿನಲ್ಲಿ ಸುಮಾರು 18.5 ಡಿಗ್ರಿ, ಮಂಗಳೂರಿನಲ್ಲಿ 19, ಭಟ್ಕಳದಲ್ಲಿ 18ಕ್ಕೆ ಸ್ವಲ್ಪ ಕಡಿಮೆ, ವಿಜಯಪುರ ಮತ್ತು ಕಲಬುರಗಿಯಲ್ಲಿ 13ರ ಆಸುಪಾಸು, ಬೀದರಿನಲ್ಲಿ 12. ದಿಲ್ಲಿಗೆ ಹೋದರೆ ಅದು ಪಶ್ಚಿಮವನ್ನು ದಾಟಿ ಮೂರು ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿಯುತ್ತದೆ, ದುಬೈಯಲ್ಲಿ ಸುಮಾರು 12 ಡಿಗ್ರಿ ದಕ್ಷಿಣಕ್ಕೆ. ಆದ್ದರಿಂದ ಕರಾವಳಿಯಿಂದ ಕೊಲ್ಲಿಗೆ ಹೋದವರು ಊರಿನ ಅಭ್ಯಾಸದಂತೆ ಬಲಕ್ಕೆ ವಾಲಿ ನಿಂತರೆ ತಪ್ಪು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಗೋಡೆಗೆ ತೂಗುಹಾಕುವ ಸಪಾಟು ಭೂಪಟದಲ್ಲಿ ಅಳತೆಪಟ್ಟಿ ಇಟ್ಟು ನೋಡಿದವರಿಗೆ ಬೆಂಗಳೂರಿನ ಓಲು ಸುಮಾರು 13 ಡಿಗ್ರಿ ಎಂದು ಬರುತ್ತದೆ, ಏಕೆಂದರೆ ಭೂಮಿ ದುಂಡಗಿದ್ದು, ಅತಿ ಹತ್ತಿರದ ದಾರಿ ಭೂಪಟದಲ್ಲಿ ಬಾಗಿದ ರೇಖೆಯಾಗುತ್ತದೆ. ಈ ವ್ಯತ್ಯಾಸ ನಮಗೆ ಐದು ಡಿಗ್ರಿ. ನ್ಯೂಯಾರ್ಕಿನಲ್ಲಿರುವ ಕನ್ನಡಿಗ ಮುಸ್ಲಿಮರಿಗೆ ಭೂಪಟ ಆಗ್ನೇಯ ಎಂದರೆ ಗೋಳದ ಲೆಕ್ಕ ಈಶಾನ್ಯ ಎನ್ನುತ್ತದೆ. ಗೋಳದ ಲೆಕ್ಕ ಇಂದಿನ ಆವಿಷ್ಕಾರವಲ್ಲ. ಅಲ್‌ಬಿರೂನಿಯವರು 1025ರ ವೇಳೆಗೇ ಗಝ್ನಾ ನಗರದ ಕಿಬ್ಲಾವನ್ನು ಗೋಳೀಯ ತ್ರಿಕೋನಮಿತಿಯಿಂದ ಕಂಡುಹಿಡಿದಿದ್ದರು.

ಇನ್ನು, ಸೂರ್ಯ ಮುಳುಗುವ ಕಡೆಯೇ ಕಿಬ್ಲಾ ಎಂಬ ನಮ್ಮ ಹಿರಿಯರ ಮಾತು. ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಸೂರ್ಯಾಸ್ತದ ಬಿಂದು ನಮ್ಮಲ್ಲಿ ವರ್ಷದುದ್ದಕ್ಕೂ ಪಶ್ಚಿಮದ ಎರಡೂ ಬದಿಗೆ ಸುಮಾರು 24 ಡಿಗ್ರಿಯಷ್ಟು ಓಡಾಡುತ್ತದೆ. ಮೇ ತಿಂಗಳ ಎರಡನೇ ವಾರದಲ್ಲಿ ಮತ್ತು ಆಗಸ್ಟ್ ತಿಂಗಳ ಆರಂಭದಲ್ಲಿ ಬೆಂಗಳೂರಿನ ಸೂರ್ಯ ಹೆಚ್ಚುಕಡಿಮೆ ಕಿಬ್ಲಾದ ನೇರಕ್ಕೇ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಅದೇ ಸೂರ್ಯನನ್ನು ನಂಬಿ ನಿಂತವನು ಕಿಬ್ಲಾದಿಂದ 42 ಡಿಗ್ರಿಗಿಂತ ಹೆಚ್ಚು ಎಡಕ್ಕಿರುತ್ತಾನೆ, ಹನಫಿ ಮಿತಿಯ ಅಂಚಿಗೆ ಬಂದು ನಿಂತಂತೆ.

ಮನೆಯ ಕಿಬ್ಲಾವನ್ನು ಸರಿಪಡಿಸಿಕೊಳ್ಳಲು ಆ್ಯಪ್‌ಗಿಂತ ನನಗೆ ಹೆಚ್ಚು ವಿಶ್ವಾಸವಿರುವುದು ನೆರಳಿನ ವಿಧಾನದಲ್ಲಿ. ವರ್ಷದಲ್ಲಿ ಎರಡು ಬಾರಿ ಸೂರ್ಯ ಕಅಬಾದ ನೆತ್ತಿಯ ಮೇಲೆ ಬರುತ್ತಾನೆ: ಮೇ 27 ಅಥವಾ 28ರಂದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ, ಜುಲೈ 15 ಅಥವಾ 16ರಂದು 2 ಗಂಟೆ 57 ನಿಮಿಷಕ್ಕೆ. ಆ ಹೊತ್ತಿಗೆ ಬಿಸಿಲಿನಲ್ಲಿ ಒಂದು ಕೋಲನ್ನು ನೇರವಾಗಿ ನಿಲ್ಲಿಸಿದರೆ, ನೆರಳಿನ ತುದಿಯಿಂದ ಕೋಲಿನ ಬುಡಕ್ಕೆ ಎಳೆದ ಗೆರೆ ಕಿಬ್ಲಾದ ಕಡೆಗೆ ತೋರಿಸುತ್ತದೆ. ಒಂದೆರಡು ದಿನ ಹಿಂದೆ ಮುಂದಾದರೂ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಕರಾವಳಿಯವರಿಗೆ ಜುಲೈ ದಿನಾಂಕ ಸಾಮಾನ್ಯವಾಗಿ ಮಳೆ ಮೋಡಕ್ಕೇ ಹೋಗುತ್ತದೆ, ಆದ್ದರಿಂದ ಮೇ ತಿಂಗಳಿನದನ್ನು ಬಿಡಬೇಡಿ. ಅಲ್ಲಿಯವರೆಗೆ ಮೊಬೈಲ್ ಅಥವಾ ದಿಕ್ಸೂಚಿ ಸಾಕು. ದಿಕ್ಸೂಚಿಯನ್ನು ಕಿಬ್ಲಾಕ್ಕೆ ಅವಲಂಬಿಸಬಹುದೆಂದು ಶಾಫಿಈ ಮದ್‌ಹಬಿನ ನಂತರದ ಫುಖಹಾಗಳು ಎಂದೋ ಒಪ್ಪಿದ್ದಾರೆ. ಅದನ್ನು ಕಬ್ಬಿಣದಿಂದ ದೂರ, ಸಾಧ್ಯವಾದರೆ ತಾರಸಿಯ ಮೇಲೆ ಹಿಡಿದು, ಬಂದ ರೇಖೆಯನ್ನು ಎದುರಿನ ಕಟ್ಟಡವೋ ನೀರಿನ ಟ್ಯಾಂಕೋ ಯಾವುದಾದರೂ ಸ್ಥಿರ ಗುರುತಿಗೆ ಹೊಂದಿಸಿಕೊಂಡು ಮನೆಯೊಳಗೆ ತನ್ನಿ. ಒಮ್ಮೆ ನಿಶ್ಚಯಿಸಿ ನೆಲದ ಮೇಲೆ ಗುರುತು ಹಾಕಿದ ಬಳಿಕ ಪ್ರತಿ ನಮಾಝಿಗೂ ಆ್ಯಪ್ ತೆರೆದು ನೋಡುತ್ತಾ ಕೂರಬೇಡಿ. ಅದು ಎಚ್ಚರಿಕೆಯಲ್ಲ, ಸಂಶಯದ ಗೀಳು, ಅಂದರೆ ವಸ್‌ವಾಸ್.

ಮಸೀದಿಯ ವಿಷಯದಲ್ಲಿ ಹೆಚ್ಚು ಜಾಗರೂಕತೆ ಬೇಕು. ದೀರ್ಘಕಾಲದಿಂದ ಬಳಕೆಯಲ್ಲಿರುವ ಮಿಹ್ರಾಬಿನ ದಿಕ್ಕನ್ನೇ ಪ್ರಶ್ನಿಸಿ ಹೊಸ ಇಜ್ತಿಹಾದ್ (ಸ್ವಂತ ವಿಚಾರಣೆಯಿಂದ ತೀರ್ಮಾನ) ಮಾಡಲು ಶಾಫಿಈ ಫುಖಹಾಗಳು ಅನುಮತಿ ಕೊಡುವುದಿಲ್ಲ. ಅದರೊಳಗೆ ಸ್ವಲ್ಪ ಬಲಕ್ಕೋ ಎಡಕ್ಕೋ ಎಂಬುದರಲ್ಲಿ ಮಾತ್ರ ಇಜ್ತಿಹಾದ್ ಸಾಧ್ಯ. ಪ್ರವಾದಿಯವರು (ಸ) ಸ್ವತಃ ನಮಾಝ್ ಮಾಡಿದ ಜಾಗದಲ್ಲಿ ಅದಕ್ಕೂ ಅವಕಾಶವಿಲ್ಲ. ಹಾಗಿರುವಾಗ ನೀವು ಸಫ್‌ನಲ್ಲಿ ನಿಂತಾಗ, ಪಕ್ಕದವರಿಗೆ ತೊಂದರೆಯಾಗದಂತೆ, ಸಾಲು ಮುರಿಯದಂತೆ ಎದೆಯನ್ನು ತುಸು ಬಲಕ್ಕೆ ತಿರುಗಿಸಿಕೊಳ್ಳಬಹುದು. ಎದೆ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಶಾಫಿಈ ಮದ್‌ಹಬಿನಲ್ಲಿ ನಿಂತಾಗ ಮತ್ತು ಕುಳಿತಾಗ ಕಿಬ್ಲಾಕ್ಕೆ ಅಭಿಮುಖವಾಗಬೇಕಾದುದು ಎದೆ. ಹನಫಿಗಳಲ್ಲಿಯೂ ಕಾರಣವಿಲ್ಲದೆ ಎದೆ ಕಿಬ್ಲಾದಿಂದ ಪೂರ್ತಿ ತಿರುಗಿದರೆ ನಮಾಝ್ ಕೆಡುತ್ತದೆ, ಮುಖ ಮಾತ್ರ ತಿರುಗಿದರೆ ಅದು ಕರಾಹತ್ (ಅನಪೇಕ್ಷಿತ). ತಿರುಗಲು ಸ್ಥಳವಿಲ್ಲದಿದ್ದರೆ ಇಮಾಮರನ್ನು ಅನುಸರಿಸಿ. ಇಮಾಮ್ ಗಝಾಲಿಯವರಂಥವರ ಅಭಿಪ್ರಾಯ ನಿಮಗೆ ಆಧಾರವಾಗಿ ಸಾಕು. ಮೊಬೈಲ್ ಹಿಡಿದು ಮಸೀದಿಯೊಳಗೆ ವಾದಕ್ಕಿಳಿಯುವುದು, ಇಮಾಮರ ಹಿಂದೆ ನಿಲ್ಲುವುದಿಲ್ಲವೆಂದು ಜಮಾಅತ್ (ಸಾಮೂಹಿಕ ನಮಾಝ್) ಬಿಟ್ಟು ಮನೆಯಲ್ಲಿ ಉಳಿಯುವುದು ಇವೆರಡನ್ನೂ ನಾನು ಒಪ್ಪುವುದಿಲ್ಲ. ಸಿಂಧುವಾದ ನಮಾಝಿನ ಮೇಲೆ ಜನರಿಗೆ ಸಂಶಯ ಹುಟ್ಟಿಸುವುದರಿಂದ ಆಗುವ ಹಾನಿ 18 ಡಿಗ್ರಿಯ ಓಲಿಗಿಂತ ದೊಡ್ಡದು.

ಹಾಗೆಂದು ಜಮಾಅತ್ ಕಮಿಟಿಯವರು ಸುಮ್ಮನಿರಬೇಕೆಂದೂ ಅಲ್ಲ. ಹಳೆಯ ಕಟ್ಟಡದ ಗೋಡೆ ಕೆಡವಬೇಕಾಗಿಲ್ಲ, ಕಾರ್ಪೆಟ್ ಬದಲಿಸುವ ಸಂದರ್ಭದಲ್ಲಿ ಸಫ್‌ನ ಗೆರೆಗಳನ್ನು ಓರೆಯಾಗಿ ಹಾಕಿಸಿದರೆ ಸಾಕು. ಹತ್ತು ಮೀಟರ್ ಅಗಲದ ಮಸೀದಿಯಲ್ಲಿ 18 ಡಿಗ್ರಿಯ ಗೆರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ಮೀಟರ್‌ಗಿಂತ ಹೆಚ್ಚು ಸರಿಯುವುದರಿಂದ ಮುಂದಿನ ಮೂಲೆಯಲ್ಲಿ ಒಂದೆರಡು ಸಫ್‌ನಷ್ಟು ಜಾಗ ವ್ಯರ್ಥವಾಗುತ್ತದೆ, ಅಷ್ಟೇ. ಹೊಸ ಮಸೀದಿಯ ಅಡಿಪಾಯದ ಮಾತು ಬಂದಾಗ ಮಾತ್ರ ಯಾವ ರಿಯಾಯಿತಿಯೂ ಇರಬಾರದು. ನಿಖರವಾಗಿ ತಿಳಿಯುವುದು ಇಷ್ಟು ಸುಲಭವಾಗಿರುವಾಗ ರಸ್ತೆಗೆ ಸಮಾನಾಂತರವಾಗಿ ಚೆನ್ನಾಗಿ ಕಾಣುತ್ತದೆಂದು ಮಿಹ್ರಾಬನ್ನು ಓರೆ ಮಾಡುವುದು ನಿರ್ಲಕ್ಷ್ಯವೇ ಸರಿ.

ಕೊನೆಯದಾಗಿ ರೈಲು. ಪ್ರವಾದಿಯವರು (ಸ) ಪ್ರಯಾಣದಲ್ಲಿ ಸವಾರಿ ಯಾವ ಕಡೆ ಹೋಗುತ್ತಿತ್ತೋ ಆ ಕಡೆಗೇ ಮುಖ ಮಾಡಿ ಸುನ್ನತ್ (ಐಚ್ಛಿಕ) ನಮಾಝ್‌ಗಳನ್ನು ನಿರ್ವಹಿಸುತ್ತಿದ್ದರು, ಫರ್ಝ್ (ಕಡ್ಡಾಯ ನಮಾಝ್) ಮಾಡಬೇಕಾದಾಗ ಇಳಿದು ಕಿಬ್ಲಾಕ್ಕೆ ತಿರುಗುತ್ತಿದ್ದರು. ಆದ್ದರಿಂದ ಸೀಟಿನಲ್ಲಿ ಕುಳಿತು ಪ್ರಯಾಣದ ದಿಕ್ಕಿಗೆ ಮುಖ ಮಾಡುವ ರಿಯಾಯಿತಿ ಪ್ರಯಾಣಿಕನ ಸುನ್ನತ್‌ಗಳಿಗೆ ಮಾತ್ರ; ಶಾಫಿಈಗಳಲ್ಲಿ, ಸುಲಭವಾಗಿದ್ದರೆ, ಆರಂಭದ ತಕ್ಬೀರ್ ಹೇಳುವಾಗಲಾದರೂ ಕಿಬ್ಲಾಕ್ಕೆ ತಿರುಗಬೇಕು. ಫರ್ಝ್ ನಮಾಝಿಗೆ ಓಡುತ್ತಿರುವ ರೈಲಿನಲ್ಲಿಯೂ ನಿಂತು, ಕಿಬ್ಲಾಕ್ಕೆ ಅಭಿಮುಖವಾಗಿ, ರುಕೂಅ್ ಸುಜೂದ್‌ಗಳೊಂದಿಗೆ ನಿರ್ವಹಿಸಬೇಕು. ಸಕಲೇಶಪುರ-ಸುಬ್ರಹ್ಮಣ್ಯದ ಘಾಟಿಯಲ್ಲಿ ಹಳಿ ಬಳುಕುತ್ತಾ ಹೋಗುವುದರಿಂದ ನಮಾಝಿನ ನಡುವೆ ದಿಕ್ಕು ಬದಲಾದುದು ತಿಳಿದರೆ ನೀವೂ ಅದಕ್ಕೆ ತಕ್ಕಂತೆ ತಿರುಗಬೇಕು. ದೊಡ್ಡ ನಿಲ್ದಾಣದಲ್ಲಿ ರೈಲು ಸಾಕಷ್ಟು ಹೊತ್ತು ನಿಲ್ಲುವುದಿದ್ದರೆ, ಸಮಯ ಮೀರುವುದಿಲ್ಲವೆಂದಾದರೆ, ಅಲ್ಲಿಯವರೆಗೆ ಕಾಯುವುದು ಉತ್ತಮ. ಝುಹರ್-ಅಸರ್, ಮಗ್ರಿಬ್-ಇಶಾಗಳನ್ನು ದೀರ್ಘ ಪ್ರಯಾಣದಲ್ಲಿ ಒಟ್ಟುಗೂಡಿಸುವ ಅವಕಾಶ ಶಾಫಿಈಗಳಿಗಿದೆ, ಸುಬಹಿಗೆ ಅದಿಲ್ಲ. ಜನದಟ್ಟಣೆಯಿಂದಾಗಿ ತಿರುಗಲು, ನಿಲ್ಲಲು ಸಾಧ್ಯವೇ ಇಲ್ಲದಿದ್ದರೆ ಸಮಯ ಮೀರಲು ಬಿಡದೆ, ಸಾಧ್ಯವಾದ ರೀತಿಯಲ್ಲಿ ಕುಳಿತಲ್ಲಿಯೇ ನಿರ್ವಹಿಸಿ. ಶಾಫಿಈ ಮದ್‌ಹಬಿನಂತೆ ಆ ಫರ್ಝನ್ನು ರೈಲಿನಿಂದ ಇಳಿದ ಬಳಿಕ ಮತ್ತೊಮ್ಮೆ ನಿರ್ವಹಿಸಬೇಕು, ಮತ್ತು ಅಡ್ಡಿ ಜನರಿಂದ ಬಂದುದಾದ್ದರಿಂದ ಹನಫಿ ಮುಫ್ತಿಗಳಲ್ಲಿಯೂ ಅನೇಕರು ಹಾಗೆಯೇ ಹೇಳುತ್ತಾರೆ. ವಿಮಾನಕ್ಕೂ ಇದೇ ವಿಧಿ.